ಅಗ್ಗದ ಟಿಕೆಟ್ ಬಾಕಿ ಹಣವನ್ನು ಎಲ್ಲಿ ವಸೂಲಿ ಮಾಡುತ್ತದೆ? ವಿದ್ಯಾರ್ಥಿ ಪ್ರವಾಸಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಬೆಳಗಿನ ಜಾವ ನಾಲ್ಕೂವರೆ. ಬಸ್ಸು ನನ್ನನ್ನು ಇಳಿಸಿ ಬಾಗಿಲು ಹಾಕಿಕೊಂಡು ಹೊರಟುಹೋಯಿತು. ನಿಲ್ದಾಣದ ಶೌಚಾಲಯಕ್ಕೆ ಬೀಗ, ನಿರೀಕ್ಷಣಾ ಕೊಠಡಿಗೂ ಬೀಗ. ಕಾಯ್ದಿರಿಸಿದ್ದ ಹಾಸಿಗೆ ಸಿಗುವುದು ಮಧ್ಯಾಹ್ನ ಎರಡರ ಮೇಲೆ. ಒಂದು ರಾತ್ರಿಯ ಬಾಡಿಗೆ ಉಳಿಯಲಿ ಎಂದು ರಾತ್ರಿ ಬಸ್ಸು ಹಿಡಿದಿದ್ದೆ. ಬಾಡಿಗೆ ಉಳಿದದ್ದೇನೋ ನಿಜ. ಆದರೆ ಬಾಗಿಲು ತೆರೆದ ಮೊದಲ ಹೋಟೆಲಿನಲ್ಲಿ ಕೂರುವ ಜಾಗಕ್ಕಾಗಿಯೇ ಎರಡು ಸಲ ಏನನ್ನೋ ತರಿಸಿಕೊಂಡೆ. ಚೀಲ ಇಡುವ ಲಾಕರಿಗೆ ದುಡ್ಡು ಕೊಟ್ಟೆ. ಯಾವ ವಸ್ತುಸಂಗ್ರಹಾಲಯಕ್ಕಾಗಿ ಆ ಊರಿಗೆ ಹೋಗಿದ್ದೆನೋ ಅದರ ಎರಡನೆಯ ಕೋಣೆಯ ಬೆಂಚಿನ ಮೇಲೆ ಕುಳಿತಲ್ಲೇ ನಿದ್ದೆ ಹೋದೆ. ಕಾವಲುಗಾರ ಭುಜ ತಟ್ಟಿ ಎಬ್ಬಿಸುವ ಹೊತ್ತಿಗೆ ಮುಚ್ಚುವ ಗಂಟೆ ಹೊಡೆಯುತ್ತಿತ್ತು.

ಅಂದಿನಿಂದ ಎರಡು ಆಯ್ಕೆಗಳನ್ನು ಹೋಲಿಸುವಾಗಲೆಲ್ಲ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ: ಇದು ಅಗ್ಗ, ಸರಿ, ಬಾಕಿಯನ್ನು ಎಲ್ಲಿ ವಸೂಲಿ ಮಾಡುತ್ತದೆ? ಕೆಲವು ನಿದ್ದೆಯಲ್ಲಿ ವಸೂಲಿ ಮಾಡುತ್ತವೆ, ಕೆಲವು ಸಮಯದಲ್ಲಿ, ಕೆಲವು ಸ್ವಾತಂತ್ರ್ಯದಲ್ಲಿ, ಕೆಲವು ಸ್ನೇಹದಲ್ಲಿ. ವಿದ್ಯಾರ್ಥಿಗಳಾದ ನಿಮ್ಮ ಬಳಿ ಹಣ ಕಡಿಮೆ ಇದ್ದರೂ ರಜೆ ಉದ್ದ, ಮೈಯಲ್ಲಿ ಕಸುವು ಬೇಕಾದಷ್ಟು. ಹಾಗಾಗಿ ಬಾಕಿ ತೀರಿಸುವುದು ತಪ್ಪೇನಲ್ಲ. ಯಾವುದರಲ್ಲಿ ತೀರಿಸುತ್ತಿದ್ದೇವೆ ಎಂಬುದು ಟಿಕೆಟ್ ಕೊಳ್ಳುವ ಮೊದಲೇ ಗೊತ್ತಿರಬೇಕು, ಅಷ್ಟೇ.

ಬಸ್ಸೋ, ರೈಲೋ, ಅಗ್ಗದ ವಿಮಾನವೋ

ಟಿಕೆಟ್ ಹುಡುಕುವ ಆ್ಯಪ್‌ಗಳು ತೋರಿಸುವುದು ನಿಲ್ದಾಣದಿಂದ ನಿಲ್ದಾಣಕ್ಕೆ ಆಗುವ ಖರ್ಚು. ನಮಗೆ ಬೇಕಾದದ್ದು ಬಾಗಿಲಿನಿಂದ ಬಾಗಿಲಿಗೆ ಆಗುವ ಖರ್ಚು. ಒಂದು ಗಂಟೆಯ ವಿಮಾನ ಪ್ರಯಾಣವನ್ನೇ ತೆಗೆದುಕೊಳ್ಳಿ. ಊರಿನಿಂದ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ, ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು, ಹಾರಾಟ ಒಂದು ಗಂಟೆ, ಇಳಿದು ಹೊರಬರಲು ಮುಕ್ಕಾಲು ಗಂಟೆ, ಅಲ್ಲಿಂದ ಊರೊಳಗೆ ಇನ್ನೊಂದು ಗಂಟೆ. ಐದೂ ಮುಕ್ಕಾಲು ಗಂಟೆಯಾಯಿತು. ಊರ ನಡುವಿನಿಂದ ಊರ ನಡುವಿಗೆ ಹೋಗುವ ಐದು ಗಂಟೆಯ ರೈಲಿಗೂ ಹೆಚ್ಚುಕಡಿಮೆ ಇಷ್ಟೇ ಹೊತ್ತು. ರೈಲಿನಲ್ಲಿ ಕಿಟಕಿ ಉಂಟು, ಓದಬಹುದು, ಬರೆಯಬಹುದು. ವಿಮಾನದ ಐದೂ ಮುಕ್ಕಾಲು ಗಂಟೆ ಬೆಲ್ಟು ಬಿಚ್ಚುವುದರಲ್ಲಿ, ಸಾಲಿನಲ್ಲಿ ನಿಲ್ಲುವುದರಲ್ಲಿ ತುಂಡುತುಂಡಾಗಿ ಹೋಗುತ್ತದೆ.

ಹಣದ ಲೆಕ್ಕವೂ ಹೀಗೆಯೇ. ವಿಮಾನದ ಟಿಕೆಟ್ 100 ಎಂದಿಟ್ಟುಕೊಳ್ಳಿ, ರೈಲಿನದು 150. ಮೇಲ್ನೋಟಕ್ಕೆ ವಿಮಾನವೇ ಸೋವಿ. ಅದಕ್ಕೆ ಚೀಲದ ಶುಲ್ಕ 40, ಎರಡೂ ಕಡೆ ವಿಮಾನ ನಿಲ್ದಾಣದ ಬಸ್ಸಿಗೆ 30 ಸೇರಿಸಿ ನೋಡಿ: 170. ಅಂಕಿಗಳು ನಾನು ಉದಾಹರಣೆಗೆ ಹಾಕಿಕೊಂಡವು. ನಿಮ್ಮ ದಾರಿಯ ನಿಜವಾದ ಅಂಕಿಗಳನ್ನು ಈ ಮೂರೂ ಸಾಲುಗಳಲ್ಲಿ ತುಂಬಿ ಕೂಡಿಸಿ. ಅಗ್ಗದ ವಿಮಾನಗಳ ವಿಷಯದಲ್ಲಿ ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಅಕ್ಷರಶಃ ನಿಜವಾಗುವುದು ಚೀಲದ ಶುಲ್ಕದಲ್ಲಿ. ಅದೂ ಮೊದಲೇ ಕಟ್ಟಿದರೆ ಒಂದು ದರ, ವಿಮಾನ ಹತ್ತುವ ದ್ವಾರದ ಬಳಿ ಸಿಕ್ಕಿಬಿದ್ದರೆ ಬೇರೆಯೇ ದರ. ಕೆಲವು ಸಂಸ್ಥೆಗಳು ವಿಮಾನ ಹತ್ತಲು ಬೇಕಾದ ಬೋರ್ಡಿಂಗ್ ಪಾಸನ್ನು ನಾವೇ ಮೊಬೈಲಿನಲ್ಲಿ ತೆಗೆದುಕೊಳ್ಳದೆ ಕೌಂಟರಿನಲ್ಲಿ ಮುದ್ರಿಸಿಕೊಂಡರೆ ಅದಕ್ಕೂ ಶುಲ್ಕ ಹಾಕುತ್ತವೆ.

ಇಷ್ಟೆಲ್ಲ ನೋಡಿದ ಮೇಲೆ ನಾನು ಪಾಲಿಸುವ ಕ್ರಮ ಇದು. ರೈಲಿನಲ್ಲಿ ಆರು ಗಂಟೆಯೊಳಗೆ ಮುಟ್ಟುವ ಊರಾದರೆ ರೈಲು. ಹತ್ತು ಗಂಟೆ ಮೀರಿದರೆ, ಮಲಗುವ ಬರ್ತ್ ಇರುವ ರಾತ್ರಿ ರೈಲು ಇದೆಯೇ ಎಂದು ಮೊದಲು ನೋಡುವುದು. ಇಲ್ಲದಿದ್ದರೆ ಆಗ ವಿಮಾನ. ರಾತ್ರಿ ಬಸ್ಸು ಕೊನೆಯ ಆಯ್ಕೆ. ಹಾಗೆಂದು ಅದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಅದಕ್ಕೆ ಎರಡು ಷರತ್ತು. ಪ್ರಯಾಣ ಕನಿಷ್ಠ ಎಂಟು ಗಂಟೆಯದಾಗಿರಬೇಕು, ಬೆಳಿಗ್ಗೆ ಏಳರ ನಂತರ ತಲುಪಬೇಕು. ಐದು ಗಂಟೆಯ ರಾತ್ರಿ ಬಸ್ಸಿನಷ್ಟು ದುಬಾರಿ ವಾಹನ ಲೋಕದಲ್ಲಿ ಇನ್ನೊಂದಿಲ್ಲ. ರಾತ್ರಿಯ ನಿದ್ದೆಯನ್ನೂ ನುಂಗುತ್ತದೆ, ಮರುದಿನವನ್ನೂ ನುಂಗುತ್ತದೆ. ಎಲ್ಲರೂ ಹೊರಡುವ ಸಮಯ ನೋಡಿ ಟಿಕೆಟ್ ಕೊಳ್ಳುತ್ತಾರೆ. ನೋಡಬೇಕಾದದ್ದು ಇಳಿಯುವ ಸಮಯ. ಅಪರಿಚಿತ ಊರಿನಲ್ಲಿ ಕತ್ತಲಲ್ಲಿ ಇಳಿಯುವುದು, ಅದರಲ್ಲೂ ಹೆಣ್ಣುಮಕ್ಕಳು ಒಬ್ಬರೇ ಇದ್ದಾಗ, ಕೊನೆಗೆ ಟ್ಯಾಕ್ಸಿಯಲ್ಲಿ ಮುಗಿಯುತ್ತದೆ. ಉಳಿಸಿದ್ದೆಲ್ಲ ಆ ಟ್ಯಾಕ್ಸಿಯ ಪಾಲು.

ಒಂದೇ ದಾರಿಗೆ ಎರಡು ಬೇರೆ ಬೇರೆ ಟಿಕೆಟ್ ಕೊಂಡು ಹಣ ಉಳಿಸುವ ಜಾಣತನವೂ ಇದೆ. ಮೊದಲ ವಿಮಾನ ಒಂದು ಸಂಸ್ಥೆಯದು, ಎರಡನೆಯದು ಇನ್ನೊಂದರದು, ನಡುವೆ ಎರಡು ಗಂಟೆ. ಮೊದಲನೆಯದು ತಡವಾದರೆ ಎರಡನೆಯವರಿಗೆ ನಿಮ್ಮ ಬಗ್ಗೆ ಯಾವ ಹೊಣೆಯೂ ಇಲ್ಲ. ಅವರ ಲೆಕ್ಕದಲ್ಲಿ ನೀವು ಬಾರದೇ ಹೋದ ಪ್ರಯಾಣಿಕರು. ಇಡೀ ದಾರಿಗೆ ಒಂದೇ ಟಿಕೆಟ್ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಜವಾಬ್ದಾರಿ ಕೊಟ್ಟವರದೇ. ಹಾಗಾಗಿ ಬಿಡಿ ಟಿಕೆಟ್ ಕೊಳ್ಳುವುದಾದರೆ ನಡುವೆ ಒಂದು ರಾತ್ರಿಯನ್ನೇ ಬಿಡಿ. ಆ ಊರನ್ನೂ ನೋಡಿದ ಹಾಗಾಯಿತು.

ಅಪರಿಚಿತರ ಕಾರಿನಲ್ಲಿ ಸೀಟು ಹಂಚಿಕೊಳ್ಳುವ ಪದ್ಧತಿ ಹಲವು ದೇಶಗಳಲ್ಲಿ ಚೆನ್ನಾಗಿ ಬೇರೂರಿದೆ. ಫ್ರಾನ್ಸಿನಲ್ಲಿ 2006ರಲ್ಲಿ ಶುರುವಾದ ಬ್ಲಾಬ್ಲಾಕಾರ್ ಇದಕ್ಕೆ ಹೆಸರಾದದ್ದು. ಚಾಲಕರು ಹೇಗೂ ಹೋಗುತ್ತಿರುವ ದಾರಿಯಾದ್ದರಿಂದ ಬೆಲೆ ಕಡಿಮೆ, ಊರಿನ ಬಗ್ಗೆ ಪುಸ್ತಕದಲ್ಲಿ ಸಿಗದ ನಾಲ್ಕು ಮಾತೂ ಸಿಗುತ್ತವೆ. ಬಾಕಿ ವಸೂಲಾಗುವುದು ಭರವಸೆಯಲ್ಲಿ: ಹೊರಡುವ ಹಿಂದಿನ ರಾತ್ರಿ ಚಾಲಕರ ಮನಸ್ಸು ಬದಲಾಯಿತೆಂದರೆ ನಿಮ್ಮ ಸೀಟೂ ಹೋಯಿತು. ವಾಪಸು ವಿಮಾನ ಹಿಡಿಯಬೇಕಾದ ದಿನ ಇದನ್ನು ನಂಬಬೇಡಿ. ಉಳಿದ ದಿನಗಳಲ್ಲಿ ಧಾರಾಳವಾಗಿ ನಂಬಬಹುದು.

ಪಾಸ್ ಕೊಳ್ಳಬೇಕೇ, ಬಿಡಿ ಟಿಕೆಟ್ ಸಾಕೇ

ಒಂದೇ ಪಾಸಿನಲ್ಲಿ ಹಲವು ದೇಶಗಳ ರೈಲು ಹತ್ತುವ ಆಸೆ ಹಳೆಯದು. ಯೂರೋಪಿನ ಹೊರಗಿನವರಿಗಾಗಿ ಯೂರೇಲ್ ಪಾಸ್ ಬಂದದ್ದು 1959ರಲ್ಲಿ. ಯೂರೋಪಿನವರಿಗೇ ಆದ ಇಂಟರ್‌ರೇಲ್ 1972ರಲ್ಲಿ ಶುರುವಾದಾಗ 21 ವರ್ಷದವರೆಗಿನವರಿಗೆ ಮಾತ್ರ ಸಿಗುತ್ತಿತ್ತು. ಈಗ ಎಲ್ಲ ವಯಸ್ಸಿನವರೂ ಕೊಳ್ಳಬಹುದು, 27ರವರೆಗಿನವರಿಗೆ ರಿಯಾಯಿತಿ. ಯೂರೋಪಿಯನ್ ಒಕ್ಕೂಟ 2018ರಿಂದ ಡಿಸ್ಕವರ್‌ಇಯು ಎಂಬ ಯೋಜನೆಯಲ್ಲಿ 18 ತುಂಬಿದ ಸಾವಿರಾರು ಮಂದಿಗೆ ಇಂಥ ಪಾಸನ್ನು ಉಚಿತವಾಗಿಯೇ ಕೊಡುತ್ತ ಬಂದಿದೆ. ಬೇರೆ ದೇಶಗಳ ರೈಲ್ವೆಗಳಲ್ಲೂ ಪ್ರವಾಸಿಗಳಿಗೆಂದು ಬಗೆಬಗೆಯ ಪಾಸುಗಳಿವೆ.

ಪಾಸ್ ಲಾಭವೋ ನಷ್ಟವೋ ಎಂಬುದು ಪಾಸಿನ ಬೆಲೆಯಿಂದ ಗೊತ್ತಾಗುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ನೀವು ಖಂಡಿತ ಹೋಗುವ ಊರುಗಳನ್ನಷ್ಟೇ ಬರೆಯಿರಿ, ಹೋದರೂ ಹೋಗಬಹುದು ಎಂಬ ಊರುಗಳನ್ನು ಬಿಟ್ಟುಬಿಡಿ. ಪ್ರತಿ ದಾರಿಗೂ ಎರಡು ತಿಂಗಳು ಮೊದಲೇ ಕೊಂಡರೆ ಬಿಡಿ ಟಿಕೆಟ್ ಎಷ್ಟು ಎಂದು ನೋಡಿ ಕೂಡಿಸಿ. ಪಾಸಿನ ಕಡೆಗೆ ಅದರ ಬೆಲೆಯ ಜೊತೆ ಸೀಟು ಕಾಯ್ದಿರಿಸುವ ಶುಲ್ಕವನ್ನೂ ಸೇರಿಸಿ; ವೇಗದ ರೈಲುಗಳಲ್ಲಿ, ರಾತ್ರಿ ರೈಲುಗಳಲ್ಲಿ ಪಾಸ್ ಇದ್ದರೂ ಆ ಶುಲ್ಕ ಬೇರೆ, ಮತ್ತು ಪಾಸಿನವರಿಗೆಂದು ಇಟ್ಟ ಸೀಟುಗಳು ಬೇಗ ಮುಗಿಯುತ್ತವೆ. ದಿನಾಂಕ ಗಟ್ಟಿಯಾಗಿದ್ದವರಿಗೆ ಬಿಡಿ ಟಿಕೆಟ್ಟೇ ಗೆಲ್ಲುವುದು ಹೆಚ್ಚು. ದಿನಾಂಕ ಗಟ್ಟಿಯಿಲ್ಲದೆ, ಮನಸ್ಸು ಬಂದಾಗ ಹೊರಡುವವರಿಗೆ ಪಾಸ್. ಅಲ್ಲಿ ಹೆಚ್ಚುವರಿ ಕೊಡುವ ಹಣ ಮನಸ್ಸು ಬದಲಿಸುವ ಹಕ್ಕಿಗೆ ತೆರುವ ಬಾಡಿಗೆ.

ಪಾಸ್ ಕೊಂಡವರಿಗೆ ಅಂಟಿಕೊಳ್ಳುವ ಒಂದು ಕಾಯಿಲೆಯನ್ನೂ ಹೇಳಿಬಿಡುತ್ತೇನೆ. ಕೊಟ್ಟ ದುಡ್ಡು ವಸೂಲಾಗಬೇಕಲ್ಲ ಎಂದು ಸುಮ್ಮಸುಮ್ಮನೆ ರೈಲು ಹತ್ತುವುದು. ನನಗೂ ಬಂದಿತ್ತು.

ರಾತ್ರಿ ತಲೆಯಿಡುವುದೆಲ್ಲಿ

ಪ್ರವಾಸಿ ಹಾಸ್ಟೆಲ್ ಎಂಬ ಕಲ್ಪನೆಯೇ ಹುಟ್ಟಿದ್ದು ವಿದ್ಯಾರ್ಥಿಗಳಿಗಾಗಿ. 1909ರಲ್ಲಿ ಜರ್ಮನಿಯ ಶಾಲಾ ಮೇಷ್ಟ್ರು ರಿಚರ್ಡ್ ಶಿರ್ಮಾನ್ ತಮ್ಮ ಶಾಲೆಯ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ ಗುಡುಗು ಮಳೆಗೆ ಸಿಕ್ಕಿ, ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳೆಲ್ಲ ಹೀಗೆ ನಡೆದು ಬರುವ ಮಕ್ಕಳಿಗೆ ತಂಗುದಾಣ ಯಾಕಾಗಬಾರದು ಎಂದು ಅವರಿಗೆ ಹೊಳೆದದ್ದು ಆ ರಾತ್ರಿ. 1912ರಲ್ಲಿ ಆಲ್ಟೆನಾ ಎಂಬಲ್ಲಿನ ಹಳೆಯ ಕೋಟೆಯಲ್ಲಿ ಖಾಯಂ ಹಾಸ್ಟೆಲ್ ತೆರೆಯಿತು. ಈಗಿನ ಹಾಸ್ಟೆಲುಗಳಲ್ಲಿ ಬಣ್ಣದ ಗೋಡೆ, ಮೇಲ್ಛಾವಣಿಯ ಹರಟೆಕಟ್ಟೆ ಎಲ್ಲ ಬಂದಿವೆ. ಮೂಲ ವ್ಯವಹಾರ ಮಾತ್ರ ಬದಲಾಗಿಲ್ಲ: ಕೋಣೆ ನಮ್ಮದಲ್ಲ, ಹಾಸಿಗೆ ಮಾತ್ರ ನಮ್ಮದು.

ಡಾರ್ಮಿಟರಿಯಲ್ಲಿ ಬಾಕಿ ವಸೂಲಾಗುವುದು ನಿದ್ದೆಯಲ್ಲಿ. ಹನ್ನೆರಡು ಹಾಸಿಗೆಯ ಕೋಣೆಗೂ ನಾಲ್ಕು ಹಾಸಿಗೆಯ ಕೋಣೆಗೂ ಬೆಲೆಯ ಅಂತರ ಸಾಮಾನ್ಯವಾಗಿ ಅಲ್ಪ, ನಿದ್ದೆಯ ಅಂತರ ಬಲು ದೊಡ್ಡದು. ಹನ್ನೆರಡು ಜನರಲ್ಲಿ ಒಬ್ಬರಾದರೂ ಗೊರಕೆ ಹೊಡೆಯುತ್ತಾರೆ, ಒಬ್ಬರು ನಡುರಾತ್ರಿ ಬರುತ್ತಾರೆ, ಒಬ್ಬರು ಮುಂಜಾನೆ ಐದಕ್ಕೆ ಪ್ಲಾಸ್ಟಿಕ್ ಚೀಲ ಪರಪರ ಎನ್ನಿಸುತ್ತ ಗಂಟು ಕಟ್ಟುತ್ತಾರೆ. ಆ ಪ್ಲಾಸ್ಟಿಕ್ ಸದ್ದು ಕೇಳಿದವರಿಗೆ ಗೊತ್ತು; ಕತ್ತಲಲ್ಲಿ ಅದಕ್ಕೆ ಮುಗಿವೇ ಇಲ್ಲ. ಒಂದೆರಡು ರಾತ್ರಿಗಾದರೆ ಹನ್ನೆರಡರ ಕೋಣೆ ನಡೆಯುತ್ತದೆ. ನಾಲ್ಕು ದಿನ ಮೀರಿದರೆ ಸಣ್ಣ ಕೋಣೆ ಆರಿಸಿಕೊಳ್ಳಿ, ಇಲ್ಲವೇ ವಾರಕ್ಕೊಂದು ರಾತ್ರಿ ಬೇರೆ ಕೋಣೆ ಹಿಡಿದು ನಿದ್ದೆಯ ಸಾಲ ತೀರಿಸಿಕೊಳ್ಳಿ.

ಎರಡು ಹಾಸ್ಟೆಲುಗಳ ಬೆಲೆ ಸರಿಸಮ ಎನಿಸಿದಾಗ ನಾನು ಮೂರು ಸಂಗತಿ ನೋಡುತ್ತೇನೆ. ಬಳಸಲು ಬಿಡುವ ಅಡುಗೆಮನೆ ಇದೆಯೇ. ದಿನಕ್ಕೆ ಒಂದು ಹೊತ್ತು ನಾವೇ ಬೇಯಿಸಿಕೊಂಡರೂ ವಾರದಲ್ಲಿ ಒಂದು ರಾತ್ರಿಯ ಬಾಡಿಗೆ ಗಿಟ್ಟಬಹುದು. ಹಾಸಿಗೆ ಹೊದಿಕೆ, ಟವೆಲ್, ಸ್ಥಳೀಯ ಪ್ರವಾಸಿ ತೆರಿಗೆ ಬೆಲೆಯೊಳಗೇ ಸೇರಿವೆಯೇ; ಎಷ್ಟೋ ಕಡೆ ಇವು ಕೌಂಟರಿನಲ್ಲಿ ಮೆಲ್ಲಗೆ ಹೊರಬರುತ್ತವೆ. ಊರ ನಡುವಿನಿಂದ ನಡೆದು ಹೋಗುವಷ್ಟು ಹತ್ತಿರವೇ. ದೂರದ ಹಾಸ್ಟೆಲಿನ ಉಳಿತಾಯವನ್ನು ದಿನಕ್ಕೆರಡು ಬಸ್ ಟಿಕೆಟ್ ಕಚ್ಚಿಕೊಂಡು ಹೋಗುತ್ತದೆ. ಸ್ವಂತ ಬೀಗ ಒಂದು ಜೊತೆಯಲ್ಲಿರಲಿ. ಲಾಕರ್ ಇರುತ್ತದೆ, ಬೀಗ ಇರುವುದಿಲ್ಲ, ಬಾಡಿಗೆಗೆ ಕೊಡುತ್ತಾರೆ.

ಈಗ ಒಂದು ಲೆಕ್ಕ, ಅನೇಕರು ತಪ್ಪುವ ಲೆಕ್ಕ. ಡಾರ್ಮಿಟರಿಯ ಬೆಲೆ ತಲೆಗಿಷ್ಟು. ಅತಿಥಿಗೃಹದ, ಅಪಾರ್ಟ್‌ಮೆಂಟಿನ ಬೆಲೆ ಕೋಣೆಗಿಷ್ಟು. ಒಬ್ಬರಿಗೆ ಡಾರ್ಮಿಟರಿ ನಿಸ್ಸಂದೇಹವಾಗಿ ಅಗ್ಗ. ಇಬ್ಬರಾದಾಗ ಅಂತರ ಕಿರಿದಾಗುತ್ತದೆ. ಮೂರು ನಾಲ್ಕು ಜನರಾದರೆ ಬಾಗಿಲು ಹಾಕಿಕೊಳ್ಳಬಹುದಾದ ಸ್ವಂತ ಕೋಣೆ ಅನೇಕ ಊರುಗಳಲ್ಲಿ ಡಾರ್ಮಿಟರಿಗಿಂತ ಕಡಿಮೆಗೇ ಬೀಳುತ್ತದೆ. ನಾಲ್ವರು ಗೆಳೆಯರು ವಿಚಾರಿಸದೆ ಡಾರ್ಮಿಟರಿಯಲ್ಲಿ ನಾಲ್ಕು ಹಾಸಿಗೆ ಹಿಡಿಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಇನ್ನೊಂದು ಆಯ್ಕೆ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಲವು ದೇಶಗಳ ವಿಶ್ವವಿದ್ಯಾಲಯಗಳು ದೀರ್ಘ ರಜೆಯಲ್ಲಿ ತಮ್ಮ ವಿದ್ಯಾರ್ಥಿ ನಿಲಯಗಳ ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತವೆ. ಒಬ್ಬರಿಗೆ ಒಂದು ಕೋಣೆ, ಒಂದು ಮೇಜು, ಒಂದು ದೀಪ. ಶಿರ್ಮಾನ್ ಮೇಷ್ಟ್ರ ಖಾಲಿ ಶಾಲೆಯ ಯೋಚನೆಯೇ ಬೇರೆ ರೂಪದಲ್ಲಿ. ನಿಮಗೆ ರಜೆ ಇರುವಾಗಲೇ ಅವರಿಗೂ ರಜೆ ಇರುವ ಊರಾದರೆ ಮೊದಲು ಇದನ್ನೇ ವಿಚಾರಿಸಿ.

ಬಿಟ್ಟಿ ವಸತಿಯ ಎರಡು ದಾರಿಗಳು

ಮೊದಲನೆಯದು ಅಪರಿಚಿತರ ಮನೆಯಲ್ಲಿ ಅತಿಥಿಯಾಗಿ ಉಳಿಯುವುದು. 2004ರಲ್ಲಿ ಶುರುವಾದ ಕೌಚ್‌ಸರ್ಫಿಂಗ್ ಇದನ್ನು ಜಗತ್ತಿಗೆಲ್ಲ ಪರಿಚಯಿಸಿತು; 2020ರಿಂದ ಹಲವು ದೇಶಗಳಲ್ಲಿ ಸದಸ್ಯ ಶುಲ್ಕ ಕೇಳತೊಡಗಿತು. ಮನೆಯವರು ರಾತ್ರಿಗೆ ಹಣ ಕೇಳುವುದಿಲ್ಲ. ಆದರೆ ಸಂಜೆ ನಿಮ್ಮದಾಗಿ ಉಳಿಯುವುದಿಲ್ಲ. ಅವರು ಮಾತಿಗೆ ಕೂತಾಗ ನೀವೂ ಕೂರಬೇಕು, ಅವರು ಬಾಗಿಲು ತೆರೆಯುವ ಹೊತ್ತಿಗೆ ಬರಬೇಕು, ಅವರು ಕೆಲಸಕ್ಕೆ ಹೊರಡುವಾಗ ನೀವೂ ಹೊರಡಬೇಕು. ಮಾತು ಬೇಕೆಂದೇ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ವಸತಿ ಇಲ್ಲ. ಹಣ ಉಳಿಯಲಿ ಎಂದಷ್ಟೇ ಹೋಗುವವರ ಮುಖದ ಮೇಲೆ ಅದು ಎದ್ದು ಕಾಣುತ್ತದೆ, ಮನೆಯವರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಹಿಂದೆ ಅಲ್ಲಿ ಉಳಿದ ಹೆಣ್ಣುಮಕ್ಕಳ ಅನಿಸಿಕೆಗಳನ್ನು ಹುಡುಕಿ ಓದುವುದು ಒಳ್ಳೆಯದು. ಅಂಥದ್ದು ಒಂದೂ ಇಲ್ಲದ ಮನೆ ಬೇಡ. ಒಪ್ಪಿಗೆಯಾದ ಮನೆಗೆ ಹೋಗುವಾಗಲೂ ಹತ್ತಿರದ ಒಂದು ಹಾಸ್ಟೆಲಿನ ವಿಳಾಸ, ಅಲ್ಲಿ ಒಂದು ರಾತ್ರಿಗೆ ಆಗುವಷ್ಟು ಹಣ ಕೈಯಲ್ಲಿರಲಿ. ಎದ್ದು ಹೊರಡುವ ಧೈರ್ಯ ಬರುವುದು ಆ ಹಣದಿಂದ.

ಎರಡನೆಯದು ಕೆಲಸ ಮಾಡಿಕೊಟ್ಟು ಊಟ ವಸತಿ ಪಡೆಯುವುದು. 1971ರಲ್ಲಿ ಇಂಗ್ಲೆಂಡಿನಲ್ಲಿ ಸ್ಯೂ ಕೊಪಾರ್ಡ್ ಎಂಬುವರು ನಗರದವರಿಗೆ ಸಾವಯವ ತೋಟಗಳಲ್ಲಿ ವಾರಾಂತ್ಯ ಕಳೆಯುವ ಅವಕಾಶ ಮಾಡಿಕೊಟ್ಟರು. ಅದೇ ಬೆಳೆದು ವೂಫ್ ಎಂಬ ಜಾಗತಿಕ ಜಾಲವಾಯಿತು. ಈಗ ಹಾಸ್ಟೆಲುಗಳು, ಸಣ್ಣ ಹೋಟೆಲುಗಳು, ಭಾಷೆ ಕಲಿಯಬೇಕೆನ್ನುವ ಕುಟುಂಬಗಳು ಕೂಡ ಇಂಥ ವಿನಿಮಯಕ್ಕೆ ಜನ ಹುಡುಕುತ್ತವೆ. ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ? ಬೆಳಿಗ್ಗೆ ನಾಲ್ಕು ಗಂಟೆ ಕೆಲಸ ಮಾಡಿ ಮಧ್ಯಾಹ್ನ ಬಿಡುವಾದರೆ ಊರು ನೋಡಬಹುದು. ಅದೇ ನಾಲ್ಕು ಗಂಟೆಯನ್ನು ಬೆಳಿಗ್ಗೆ ಎರಡು, ಸಂಜೆ ಎರಡು ಎಂದು ಒಡೆದರೆ ದಿನ ನಿಮ್ಮದಲ್ಲ. ಇನ್ನೊಂದು, ಇದಕ್ಕಿಂತ ಗಂಭೀರವಾದದ್ದು: ಹಣ ಕೈಗೆ ಬರದಿದ್ದರೂ ಊಟ ವಸತಿಗಾಗಿ ಮಾಡುವ ದುಡಿಮೆಯನ್ನು ಅನೇಕ ದೇಶಗಳು ಕೆಲಸವೆಂದೇ ಪರಿಗಣಿಸುತ್ತವೆ, ಪ್ರವಾಸಿ ವೀಸಾದಲ್ಲಿ ಅದಕ್ಕೆ ಅನುಮತಿ ಇರುವುದಿಲ್ಲ. ಗಡಿಯಲ್ಲಿ ಸಿಕ್ಕಿಬಿದ್ದು ವಾಪಸಾದರೆ ಪ್ರಯಾಣದ ಖರ್ಚೆಲ್ಲ ಹೋಯಿತು, ಮುಂದಿನ ವೀಸಾ ಅರ್ಜಿಗಳಲ್ಲೂ ಅದನ್ನು ಬರೆಯಬೇಕಾಗುತ್ತದೆ. ನಿಮ್ಮ ದೇಶದೊಳಗೇ ಆದರೆ ಈ ತೊಡಕಿಲ್ಲ. ಅಲ್ಲಿ ಒಂದು ತಿಂಗಳು ಧಾರಾಳವಾಗಿ ಕಳೆಯಿರಿ.

ವಿಮಾನ ನಿಲ್ದಾಣದ ನೆಲದ ಮೇಲೆ ಮಲಗುವುದನ್ನು ಮೂರನೆಯ ದಾರಿ ಎಂದು ಕೆಲವರು ಹೇಳುತ್ತಾರೆ. ಮುಂಜಾನೆಯ ವಿಮಾನ ಇದ್ದರೆ ಆಗಲಿ, ಇಲ್ಲದಿದ್ದರೆ ಆ ಬೆನ್ನುನೋವನ್ನು ಲೆಕ್ಕಕ್ಕೆ ಹಿಡಿಯಿರಿ.

ಹತ್ತು ಊರೋ, ಎರಡು ಊರೋ

ಖರ್ಚನ್ನು ನಿಜವಾಗಿ ತಗ್ಗಿಸುವ ಆಯ್ಕೆ ಯಾವ ಆ್ಯಪ್‌ನಲ್ಲೂ ಇಲ್ಲ. ಅದು ನಕಾಶೆಯ ಮೇಲೆ ಎಷ್ಟು ಚುಕ್ಕಿ ಇಡುತ್ತೀರಿ ಎಂಬುದು. ಹದಿನೈದು ದಿನದಲ್ಲಿ ಹತ್ತು ಊರು ಎಂದರೆ ಊರಿಂದ ಊರಿಗೆ ಒಂಬತ್ತು ಪ್ರಯಾಣ. ಪ್ರತಿ ಪ್ರಯಾಣಕ್ಕೂ ಟಿಕೆಟ್, ನಿಲ್ದಾಣಕ್ಕೆ ಹೋಗುವ ಬರುವ ಖರ್ಚು, ಮೊದಲ ದಿನ ದಾರಿ ತಿಳಿಯದೆ ಕೊಡುವ ಹೆಚ್ಚುವರಿ ಹಣ. ಹೊಸ ಊರಿನ ಮೊದಲ ದಿನ ಯಾವಾಗಲೂ ದುಬಾರಿ. ಎಲ್ಲಿ ಉಣ್ಣಬೇಕು ಗೊತ್ತಿಲ್ಲ, ಯಾವ ಬಸ್ಸು ಗೊತ್ತಿಲ್ಲ, ನಿಲ್ದಾಣದ ಎದುರಿನ ಮೊದಲ ಅಂಗಡಿಗೇ ನುಗ್ಗುತ್ತೇವೆ. ಮೂರನೆಯ ದಿನ ಅದೇ ಊರು ಅಗ್ಗವಾಗಿರುತ್ತದೆ, ಏಕೆಂದರೆ ಅಲ್ಲಿನವರು ಹೋಗುವ ಕಡೆ ನಾವೂ ಹೋಗುವುದು ಕಲಿತಿರುತ್ತೇವೆ. ಹತ್ತು ಊರಿನ ಪ್ರವಾಸದಲ್ಲಿ ಹತ್ತು ಮೊದಲ ದಿನಗಳಿರುತ್ತವೆ, ಮೂರನೆಯ ದಿನ ಒಂದೂ ಇರುವುದಿಲ್ಲ.

ಎರಡು ಊರು ಹಿಡಿದು, ಅಲ್ಲಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ಸುತ್ತಾಟಗಳನ್ನು ಇಟ್ಟುಕೊಂಡರೆ ಚೀಲ ಹಾಸಿಗೆಯ ಕೆಳಗೇ ಇರುತ್ತದೆ. ವಾರಕ್ಕೆ ಬಾಡಿಗೆ ಮಾತಾಡಬಹುದು, ಸ್ಥಳೀಯ ಬಸ್ಸಿನ ವಾರದ ಪಾಸು ಕೊಳ್ಳಬಹುದು. ಒಪ್ಪುತ್ತೇನೆ, ಮನೆಗೆ ಬಂದು ಹೇಳಿಕೊಳ್ಳಲು ಊರುಗಳ ಹೆಸರು ಕಡಿಮೆ. ಜೀವನದಲ್ಲಿ ಒಂದೇ ಸಲ ಅಷ್ಟು ದೂರ ಹೋಗುವ ಅವಕಾಶ ಎನ್ನುವವರು ಹತ್ತು ಊರು ಓಡಿದರೆ ನಾನು ತಪ್ಪೆನ್ನಲಾರೆ. ನಡುವಿನ ದಾರಿ ಐದು ಊರಿನದು. ಅದರಲ್ಲಿ ಎರಡರ ಕಷ್ಟವೂ ಇದೆ, ನನಗೆ ಹಿಡಿಸುವುದಿಲ್ಲ.

ಋತುವಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ನಮ್ಮ ರಜೆ ಇರುವಾಗಲೇ ಎಲ್ಲರ ರಜೆ, ಬೆಲೆ ಏರುವುದೂ ಆಗಲೇ. ಆದರೆ ಕಾಲೇಜಿನ ರಜೆ ಸಾಮಾನ್ಯವಾಗಿ ಶಾಲೆಯ ರಜೆಗಿಂತ ಒಂದೆರಡು ವಾರ ಆಚೀಚೆ ಚಾಚಿರುತ್ತದೆ. ಕುಟುಂಬಗಳು ಹೊರಡದ ಆ ಅಂಚಿನ ವಾರಗಳನ್ನು ಹಿಡಿಯಿರಿ, ಅದರಲ್ಲೂ ವಾರದ ನಡುವಿನ ದಿನಗಳನ್ನು.

ಒಬ್ಬರೇ, ಇಬ್ಬರು, ಆರು ಜನ

ಒಬ್ಬರೇ ಹೋದರೆ ಖರ್ಚು ಹಂಚಿಕೊಳ್ಳಲು ಯಾರೂ ಇಲ್ಲ, ಮನಸ್ಸು ಬದಲಿಸಲು ಯಾರನ್ನೂ ಕೇಳಬೇಕಿಲ್ಲ. ಇಬ್ಬರಾದರೆ ಕೋಣೆ, ಟ್ಯಾಕ್ಸಿ ಅರ್ಧವಾಗುತ್ತವೆ. ಒಬ್ಬರು ಚೀಲ ನೋಡಿಕೊಂಡರೆ ಇನ್ನೊಬ್ಬರು ಟಿಕೆಟಿಗೆ ಹೋಗಬಹುದು. ಆರು ಜನರಾದರೆ ಕಾಗದದ ಮೇಲೆ ಎಲ್ಲವೂ ಇನ್ನಷ್ಟು ಅಗ್ಗ. ವಾಸ್ತವದಲ್ಲಿ ಆರು ಜನರ ತಂಡ ಸದಾ ಆ ಆರರಲ್ಲಿ ಅತಿ ಹೆಚ್ಚು ಖರ್ಚು ಮಾಡುವವರ ಮಟ್ಟಕ್ಕೇ ಏರುತ್ತದೆ. ಒಬ್ಬರು ಒಳ್ಳೆಯ ಹೋಟೆಲಿಗೆ ಹೋಗೋಣ ಎಂದರೆ ನನ್ನ ಬಳಿ ಅಷ್ಟಿಲ್ಲ ಎನ್ನಲು ಯಾರಿಗೂ ನಾಲಗೆ ಏಳುವುದಿಲ್ಲ.

ಹೊರಡುವ ಮೊದಲೇ ಎಲ್ಲರೂ ದಿನಕ್ಕೆ ಇಷ್ಟು ಎಂದು ಒಂದೇ ಮೊತ್ತವನ್ನು ಒಂದು ಪರ್ಸಿಗೆ ಹಾಕಿ, ಊಟ, ಬಸ್ಸು, ಕೋಣೆ ಎಲ್ಲ ಅದರಿಂದಲೇ ಆಗುವಂತೆ ಮಾಡಿದರೆ ಆ ಮುಜುಗರ ತಪ್ಪುತ್ತದೆ. ಪರ್ಸು ಹಗುರಾದದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಮೊಬೈಲಿನಲ್ಲಿ ಯಾರು ಯಾರಿಗೆ ಎಷ್ಟು ಎಂದು ಬರೆದಿಟ್ಟು ಕೊನೆಗೆ ತೀರಿಸುವುದೂ ಆಗುತ್ತದೆ, ಇಬ್ಬರು ಮೂವರಿದ್ದರೆ. ಆರು ಜನರಲ್ಲಿ ಕೊನೆಯ ಲೆಕ್ಕ ಮುಗಿಯುವ ಹೊತ್ತಿಗೆ ಮುಂದಿನ ಪರೀಕ್ಷೆಯೂ ಮುಗಿದಿರುತ್ತದೆ.

ಗುರುತಿನ ಚೀಟಿ, ಕಾರ್ಡು, ಸಿಮ್ಮು

ರಿಯಾಯಿತಿಯಲ್ಲಿ ಎರಡು ಬಗೆ: ವಿದ್ಯಾರ್ಥಿ ಎಂಬ ಕಾರಣಕ್ಕೆ ಕೊಡುವುದು, ವಯಸ್ಸಿನ ಕಾರಣಕ್ಕೆ ಕೊಡುವುದು. ವಯಸ್ಸಿನದಕ್ಕೆ ಪಾಸ್‌ಪೋರ್ಟ್ ಸಾಕು. ವಿದ್ಯಾರ್ಥಿ ರಿಯಾಯಿತಿಗೆ ನಿಮ್ಮ ಕಾಲೇಜಿನ ಚೀಟಿ ಪರದೇಶದ ಕೌಂಟರಿನಲ್ಲಿ ನಡೆಯಬಹುದು, ನಡೆಯದೆಯೂ ಇರಬಹುದು. ಅದರಲ್ಲಿ ಮುಗಿಯುವ ದಿನಾಂಕ ಇಲ್ಲದಿದ್ದರೆ, ಬೇರೆ ಲಿಪಿಯಲ್ಲಿದ್ದರೆ ಕಷ್ಟ. ಯುನೆಸ್ಕೋ ಮನ್ನಣೆ ಇರುವ ಐಎಸ್‌ಐಸಿ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಾರ್ಡಿಗೆ ಶುಲ್ಕವಿದೆ. ನೀವು ಹೋಗಲಿರುವ ಮೂರು ನಾಲ್ಕು ಜಾಗಗಳ ದರಪಟ್ಟಿ ತೆರೆದು, ಅಲ್ಲಿ ಉಳಿಯುವ ಹಣ ಕಾರ್ಡಿನ ಶುಲ್ಕ ಮೀರಿದರೆ ಮಾತ್ರ ಮಾಡಿಸಿ. ದರಪಟ್ಟಿಯ ಸಣ್ಣ ಅಕ್ಷರಗಳನ್ನೂ ಓದಿ. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯ ಲೂವ್ರ್‌ನಲ್ಲಿ 18ರ ಒಳಗಿನ ಎಲ್ಲರಿಗೂ ಪ್ರವೇಶ ಉಚಿತ. 26ರ ಒಳಗಿನವರಿಗೂ ಉಚಿತ, ಆದರೆ ಅವರು ಯೂರೋಪಿಯನ್ ಆರ್ಥಿಕ ವಲಯದ (ಯೂರೋಪಿಯನ್ ಒಕ್ಕೂಟ ಮತ್ತು ಅದರ ಜೊತೆಗಿನ ಮೂರು ದೇಶಗಳ) ನಿವಾಸಿಗಳಾಗಿದ್ದರೆ ಮಾತ್ರ. ಅಲ್ಲಿ ಓದುತ್ತಿರುವ ಪರದೇಶದ ವಿದ್ಯಾರ್ಥಿಗೆ ನಿವಾಸದ ಪುರಾವೆ ಇದ್ದರೆ ಬಾಗಿಲು ತೆರೆಯುತ್ತದೆ, ಎರಡು ವಾರಕ್ಕೆ ಬಂದವರಿಗೆ ತೆರೆಯುವುದಿಲ್ಲ.

ಹಣದ ವಿಷಯದಲ್ಲಿ ನಗದೋ ಕಾರ್ಡೋ ಎಂಬುದಕ್ಕಿಂತ ಒಂದು ಪರದೆಯ ಪ್ರಶ್ನೆ ಮುಖ್ಯ. ಪರದೇಶದ ಎಟಿಎಂ ಅಥವಾ ಅಂಗಡಿಯ ಯಂತ್ರ ನಿಮ್ಮ ದೇಶದ ಹಣದಲ್ಲಿ ಪಾವತಿಸುತ್ತೀರೋ, ಸ್ಥಳೀಯ ಹಣದಲ್ಲೋ ಎಂದು ಕೇಳುತ್ತದೆ. ನಿಮ್ಮ ದೇಶದ ಹಣ ಪರಿಚಿತ ಎಂದು ಅದನ್ನೇ ಒತ್ತುವ ಆಸೆಯಾಗುತ್ತದೆ. ಒತ್ತಿದರೆ ವಿನಿಮಯ ದರವನ್ನು ನಿಗದಿ ಮಾಡುವುದು ಆ ಯಂತ್ರದವರು, ಅವರ ಲಾಭ ಸೇರಿಸಿ. ಯಾವಾಗಲೂ ಸ್ಥಳೀಯ ಹಣವನ್ನೇ ಒತ್ತಿ. ಎಟಿಎಂನಿಂದ ಪ್ರತಿ ಸಲ ತೆಗೆದಾಗಲೂ ಶುಲ್ಕ ಬೀಳುವುದಾದರೆ ಸಣ್ಣ ಮೊತ್ತವನ್ನು ಹಲವು ಸಲ ತೆಗೆಯುವುದಕ್ಕಿಂತ ದೊಡ್ಡ ಮೊತ್ತವನ್ನು ಎರಡು ಸಲ ತೆಗೆಯುವುದು ಮೇಲು. ಎರಡು ಕಾರ್ಡುಗಳು ಎರಡು ಬೇರೆ ಜೇಬುಗಳಲ್ಲಿರಲಿ.

ರೋಮಿಂಗ್, ಸ್ಥಳೀಯ ಸಿಮ್, ಫೋನಿನೊಳಗೇ ಡಿಜಿಟಲ್ ಆಗಿ ಹಾಕಿಕೊಳ್ಳುವ ಇ-ಸಿಮ್ ಈ ಮೂರರಲ್ಲಿ ಮೂರು ದಿನಕ್ಕೆ ಯಾವುದಾದರೂ ನಡೆಯುತ್ತದೆ. ವಾರ ಮೀರಿದರೆ ಸ್ಥಳೀಯದ್ದು ಅಥವಾ ಇ-ಸಿಮ್ ಅಗ್ಗ. ಬ್ಯಾಂಕಿನ ಒಟಿಪಿ ಬರುವುದು ಊರಿನ ನಂಬರಿಗೆ ಎಂಬುದನ್ನು ಮಾತ್ರ ಮರೆಯಬೇಡಿ. ಹಳೆಯ ಸಿಮ್ ತೆಗೆದು ಎಲ್ಲೋ ಎಸೆದವರು ವಾಪಸು ಟಿಕೆಟಿಗೆ ಹಣ ಕಟ್ಟುವಾಗ ಒದ್ದಾಡುತ್ತಾರೆ. ಇ-ಸಿಮ್ ಆದರೆ ಹಳೆಯದು ಫೋನಿನಲ್ಲೇ ಇರುತ್ತದೆ. ನನ್ನ ಮತ ಅದಕ್ಕೆ.

ದೊಡ್ಡ ಚೀಲವೋ, ಸಣ್ಣ ಚೀಲವೋ

ವಿಮಾನದೊಳಗೇ ಒಯ್ಯಬಹುದಾದ, ಸುಮಾರು 40 ಲೀಟರಿನೊಳಗಿನ ಒಂದೇ ಬೆನ್ನುಚೀಲ. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಹೊರಡುವ ಹಿಂದಿನ ದಿನ ಒಯ್ಯಬೇಕೆಂದಿರುವುದನ್ನೆಲ್ಲ ನೆಲದ ಮೇಲೆ ಹರಡಿ. ಎರಡು ಗುಂಪು ಮಾಡಿ: ಖಂಡಿತ ಬೇಕು, ಬೇಕಾದರೂ ಬೇಕಾಗಬಹುದು. ಎರಡನೆಯ ಗುಂಪನ್ನು ಪೂರ್ತಿ ಕಪಾಟಿಗೆ ಹಾಕಿ. ಉಳಿದದ್ದನ್ನು ತುಂಬಿ, ಚೀಲ ಬೆನ್ನಿಗೇರಿಸಿ ಮನೆಯಿಂದ ಅರ್ಧ ಗಂಟೆ ನಡೆಯಿರಿ. ವಾಪಸು ಬಂದು ಜೀನ್ಸ್ ಒಂದನ್ನು ತೆಗೆದಿಡುತ್ತೀರಿ, ನೋಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಬಿಡುವುದಿಲ್ಲ. ಅನುಮತಿ ಕೇಳದೆ ಒಯ್ಯಲು ಸಾಮಾನ್ಯ ಮಿತಿ 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿರುವ ಶಕ್ತಿಯ ಅಳತೆ). 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುವುದರಿಂದ ಈ ಮಿತಿಯೊಳಗೇ ಇರುತ್ತದೆ. ಸಾಮರ್ಥ್ಯದ ಅಂಕಿ ಅಳಿಸಿಹೋದ ಹಳೆಯ ಪವರ್ ಬ್ಯಾಂಕನ್ನು ತಪಾಸಣೆಯಲ್ಲಿ ಕಿತ್ತುಕೊಳ್ಳುವುದುಂಟು.

ವಿಮೆಯಲ್ಲಿ ಹೇಗೆ ಆರಿಸುವುದು

ಇಡೀ ಪಟ್ಟಿಯಲ್ಲಿ ಅತಿ ಅಗ್ಗದ್ದನ್ನು ಕೊಳ್ಳಬಾರದ ವಸ್ತು ಇದೊಂದೇ. ಕೆಲವು ದೇಶಗಳು ವಿಮೆಯಿಲ್ಲದೆ ವೀಸಾ ಕೊಡುವುದೇ ಇಲ್ಲ. ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಇರಲೇಬೇಕು. ಕಡ್ಡಾಯ ಇಲ್ಲದ ಕಡೆಗೂ ಕೊಳ್ಳಿ. ಎರಡು ಪಾಲಿಸಿ ಹೋಲಿಸುವಾಗ ಮುಖಪುಟದ ದೊಡ್ಡ ಮೊತ್ತ ಬಿಟ್ಟು ಒಳಗಿನ ಮೂರು ಸಾಲು ಹುಡುಕಿ. ಆಸ್ಪತ್ರೆ ಖರ್ಚಿನಲ್ಲಿ ಮೊದಲ ಪಾಲು ನೀವೇ ಎಷ್ಟು ಭರಿಸಬೇಕು. ಆಸ್ಪತ್ರೆಗೆ ಅವರೇ ನೇರವಾಗಿ ಕಟ್ಟುತ್ತಾರೋ, ನೀವು ಕಟ್ಟಿ ಆಮೇಲೆ ಕೇಳಬೇಕೋ. ವಿದ್ಯಾರ್ಥಿಯ ಖಾತೆಯಲ್ಲಿ ಆ ಹಣ ಇರುವುದಿಲ್ಲವಾದ್ದರಿಂದ ಇದು ದೊಡ್ಡ ವ್ಯತ್ಯಾಸ. ಮೂರನೆಯದು, ಯಾವುದಕ್ಕೆ ರಕ್ಷಣೆ ಇಲ್ಲ ಎಂಬ ಪಟ್ಟಿ. ಚಾರಣ, ಡೈವಿಂಗ್, ಸ್ಕೀಯಿಂಗ್ ಅದರಲ್ಲಿ ಸೇರಿರಬಹುದು. ಆ ದೇಶದಲ್ಲಿ ಸಲ್ಲುವ ಪರವಾನಗಿ ಇಲ್ಲದೆ ಸ್ಕೂಟರ್ ಓಡಿಸಿ ಬಿದ್ದರೆ ವಿಮೆ ಸಿಗದಿರುವುದೇ ಹೆಚ್ಚು.

ಬಾಡಿಗೆ ಸ್ಕೂಟರ್ ಕೊಡುವವರು ಪರವಾನಗಿ ಕೇಳದಿರಬಹುದು. ನಗುತ್ತ ಕೀಲಿಕೈ ಕೊಡುತ್ತಾರೆ, ಪಾಸ್‌ಪೋರ್ಟನ್ನು ಅಡವಿಡಿ ಎನ್ನುತ್ತಾರೆ. ಪಾಸ್‌ಪೋರ್ಟ್ ಕೊಡಬೇಡಿ. ಬದಲಿಗೆ ಮುಂಗಡ ಹಣಕ್ಕೆ ಒಪ್ಪುವ ಅಂಗಡಿ ಸಾಮಾನ್ಯವಾಗಿ ಅದೇ ಬೀದಿಯಲ್ಲಿ ಇನ್ನೊಂದು ಇರುತ್ತದೆ. ಅದೂ ಇಲ್ಲದಿದ್ದರೆ ಬಸ್ಸಿನ ನಿಲ್ದಾಣ ಎಲ್ಲಿ ಎಂದು ಕೇಳಿ ಹೊರಡಿ.